ಮೊಲದ ಸಾಕ್ಷಿ

ಮಸ್ಕಿಯ ಗುಡ್ಡದ ಮಗ್ಗುಲಲ್ಲಿ ಒಂದು ಬಂಡೆ ಇದೆ. ಅದರ ಮೇಲೆ ಬ್ರಾಹ್ಮೀ ಲಿಪಿಯಲ್ಲಿ ಕೊರೆದ ಒಂದು ಚಿಕ್ಕ ಶಾಸನವಿದೆ. ಊರು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1915ರಲ್ಲಿ, ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಅದನ್ನು ಕಂಡರು. ಅಂಥ ಶಾಸನಗಳು ಅಷ್ಟು ಹೊತ್ತಿಗೆ ದೇಶದಲ್ಲಿ ಅನೇಕ ಕಡೆ ದೊರೆತಿದ್ದವು. ಆದರೆ ಅವುಗಳಲ್ಲಿ ದೊರೆ ತನ್ನನ್ನು ‘ದೇವಾನಾಂಪ್ರಿಯ’ ಎಂದೋ ‘ಪ್ರಿಯದರ್ಶಿ’ ಎಂದೋ ಕರೆದುಕೊಳ್ಳುತ್ತಿದ್ದನೇ ಹೊರತು ತನ್ನ ಹೆಸರನ್ನು ಹೇಳುತ್ತಿರಲಿಲ್ಲ.

1837ರಲ್ಲಿ ಈ ಲಿಪಿಯನ್ನು ಓದಿ ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ ಮೊದಲು ಆ ದೊರೆಯನ್ನು ಸಿಂಹಳದ ದೇವಾನಾಂಪಿಯ ತಿಸ್ಸ ಎಂದು ಭಾವಿಸಿದ. ಹಾಗೆ ಭಾವಿಸಿದ್ದರಲ್ಲಿ ದಡ್ಡತನವೇನೂ ಇರಲಿಲ್ಲ. ಬಿರುದು ಸರಿಯಾಗಿ ಹೊಂದುತ್ತಿತ್ತು. ಅದೇ ವರ್ಷ ಸಿಂಹಳದಲ್ಲಿದ್ದ ಟರ್ನರ್ ಎಂಬ ವಿದ್ವಾಂಸ, ಪ್ರಿಯದರ್ಶಿ ಎಂದರೆ ಅಶೋಕನೇ ಎಂಬುದನ್ನು ‘ದೀಪವಂಸ’ ಎಂಬ ಪಾಲಿ ಗ್ರಂಥದಿಂದ ಎತ್ತಿ ತೋರಿಸಿದ. ಪ್ರಿನ್ಸೆಪ್ ಒಪ್ಪಿಕೊಂಡ. ಆದರೂ ಅದು ಗ್ರಂಥದ ಮಾತಾಯಿತು, ಕಲ್ಲಿನ ಮಾತಾಗಲಿಲ್ಲ. ಮಸ್ಕಿಯ ಬಂಡೆಯಲ್ಲಿ ಬಿರುದಿನ ಬೆನ್ನಿಗೇ ‘ಅಸೋಕ’ ಎಂಬ ಹೆಸರು ಬಂದಿತು. 78 ವರ್ಷ ಕಾದಿದ್ದ ಎರಡನೆಯ ಸಾಕ್ಷಿ ಸಿಕ್ಕಿತು.

ವಿಜ್ಞಾನದ ಭಾಷಣಕ್ಕೆ ಅಶೋಕನ ಶಾಸನವೇಕೆ ಎಂದು ತಾವು ಕೇಳಬಹುದು. ನಾನು ಇಂದು ಹೇಳಹೊರಟಿರುವುದೂ ಗುರುತು ಹಿಡಿಯುವ ಕಥೆಯೇ. ನಮ್ಮ ರಕ್ತದಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳಿವೆ. ಹಳೆಯ ಪಠ್ಯಪುಸ್ತಕಗಳಲ್ಲಿ ಸಸಾರಜನಕ ಎಂದು ಓದಿದೆವಲ್ಲ, ಅದೇ. ಅವುಗಳಲ್ಲಿ ಆಲ್ಬುಮಿನ್ ಎಂಬುದೊಂದೇ ರಕ್ತದ ತಿಳಿಯಲ್ಲಿ ಲೀಟರಿಗೆ 35ರಿಂದ 50 ಗ್ರಾಮಿನಷ್ಟಿರುತ್ತದೆ. ಮತ್ತೆ ಕೆಲವು ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದೆರಡು ಪಾಲಿನಷ್ಟು ಮಾತ್ರ. ಜಾತ್ರೆಯ ಜನಜಂಗುಳಿಯಲ್ಲಿ ಕೈತಪ್ಪಿದ ಮಗುವನ್ನು ಹುಡುಕಿದಂತೆ ಇವುಗಳನ್ನು ಹುಡುಕಬೇಕು. ರಸಾಯನಶಾಸ್ತ್ರದ ತಕ್ಕಡಿ, ಸೋಸುಬಟ್ಟೆಗಳಿಂದ ಅಷ್ಟು ಸುಲಭವಾಗಿ ಆಗುವ ಕೆಲಸವಲ್ಲ. ಆದುದರಿಂದ ವಿಜ್ಞಾನಿಗಳು ಮೊಲದ ಮೊರೆ ಹೊಕ್ಕರು.

ಸಿಂಧನೂರು, ಮಸ್ಕಿಯ ಕಡೆ ಗದ್ದೆಯಲ್ಲಿ ಕೆಲಸ ಮಾಡುವವರಿಗೆ ಹಾವಿನ ಮದ್ದು ಗೊತ್ತು. ಆಸ್ಪತ್ರೆಯಲ್ಲಿ ನರಕ್ಕೆ ಹಾಕುವ ಆ ಮದ್ದು ಕುದುರೆಯ ರಕ್ತದಿಂದ ಬಂದದ್ದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷವನ್ನು ಕುದುರೆಗೆ ಸೈರಿಸುವಷ್ಟೇ ಅಳತೆಯಲ್ಲಿ ಚುಚ್ಚುತ್ತಾ ಹೋಗುತ್ತಾರೆ. ಕುದುರೆಯ ಮೈ ಆ ಪರಕೀಯ ವಸ್ತುವನ್ನು ಗುರುತಿಸಿ, ಅದಕ್ಕೆ ಅಂಟಿಕೊಂಡು ಕೆಡಿಸಬಲ್ಲ ಪ್ರತಿಕಾಯಗಳನ್ನು ಹುಟ್ಟಿಸುತ್ತದೆ. ಅವುಗಳನ್ನು ತೆಗೆದು ಶುದ್ಧಮಾಡಿ ನಮಗೆ ಕೊಡುತ್ತಾರೆ.

ಪ್ರಯೋಗಶಾಲೆಯ ಮೊಲಕ್ಕೂ ಮಾಡುವುದು ಇದನ್ನೇ, ವಿಷದ ಬದಲು ಯಾವುದಾದರೂ ಪ್ರೋಟೀನು. ಎಣ್ಣೆಯಂಥ ಪದಾರ್ಥದೊಡನೆ ಕಲಸಿ ಚರ್ಮದಡಿ ಚುಚ್ಚಿ, ಕೆಲವು ವಾರ ಬಿಟ್ಟು ಮತ್ತೆ ಚುಚ್ಚಿ, ಆಮೇಲೆ ಕಿವಿಯ ನರದಿಂದ ಸ್ವಲ್ಪ ರಕ್ತ ತೆಗೆದು ಹೆಪ್ಪುಗಟ್ಟಲು ಬಿಟ್ಟರೆ ಮೇಲೆ ನಿಲ್ಲುವ ಹೊಂಬಣ್ಣದ ತಿಳಿಯಲ್ಲಿ ಪ್ರತಿಕಾಯ ತುಂಬಿರುತ್ತದೆ. ಮೂಕಪ್ರಾಣಿಗೆ ಇದು ಹಿಂಸೆಯಲ್ಲವೆ ಎಂದರೆ, ಹೌದು, ಅಷ್ಟರ ಮಟ್ಟಿಗೆ ಹಿಂಸೆಯೇ. ಅದಕ್ಕಾಗಿಯೇ ಈಗ ಪ್ರತಿಯೊಂದು ಸಂಸ್ಥೆಯಲ್ಲೂ ಪ್ರಾಣಿಗಳ ಬಗೆಗೆ ಒಂದು ನೀತಿ ಸಮಿತಿಯ ಒಪ್ಪಿಗೆ ಬೇಕಾಗಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರತಿಕಾಯವು ಪ್ರೋಟೀನನ್ನು ಇಡಿಯಾಗಿ ನೋಡುವುದಿಲ್ಲ. ಅದರ ಮೈಮೇಲಿನ ಒಂದು ಸಣ್ಣ ಉಬ್ಬನ್ನೋ ತಗ್ಗನ್ನೋ ಮಾತ್ರ ಹಿಡಿದುಕೊಳ್ಳುತ್ತದೆ. ಒಬ್ಬ ಮನುಷ್ಯನನ್ನು ಮೀಸೆಯಿಂದ ಗುರುತಿಸುವವರುಂಟು, ನಡಿಗೆಯಿಂದ ಗುರುತಿಸುವವರುಂಟು, ರುಮಾಲಿನಿಂದ ಗುರುತಿಸುವವರೂ ಉಂಟು, ಹಾಗೆ. ಮೊಲದ ಮೈಯಲ್ಲಿ ಒಂದೊಂದು ಜೀವಕೋಶದ ವಂಶವೂ ಒಂದೊಂದೇ ಬಗೆಯ ಪ್ರತಿಕಾಯವನ್ನು ಮಾಡುತ್ತದೆ. ಒಂದು ಪ್ರೋಟೀನು ಒಳಹೊಕ್ಕಾಗ ಇಂಥ ಹಲವು ವಂಶಗಳು ಒಟ್ಟಿಗೆ ಎಚ್ಚೆತ್ತು, ಒಂದೊಂದು ಒಂದೊಂದು ಕಡೆ ಹಿಡಿಯುತ್ತವೆ. ಹೀಗೆ ದೊರೆತ ಮಿಶ್ರಣಕ್ಕೆ ಪಾಲಿಕ್ಲೋನಲ್, ಎಂದರೆ ಹಲವು ವಂಶದ ಪ್ರತಿಕಾಯ ಎಂದು ಹೆಸರು. ಒಂದೇ ವಂಶವನ್ನು ಆರಿಸಿ ಗಾಜಿನ ಪಾತ್ರೆಯಲ್ಲಿ ಬೆಳೆಸುವ ಉಪಾಯವನ್ನು ಕೇಂಬ್ರಿಜ್ಜಿನಲ್ಲಿ ಕೋಲರ್, ಮಿಲ್‌ಸ್ಟೀನ್ ಎಂಬವರು 1975ರಲ್ಲಿ ಕಂಡುಹಿಡಿದು 1984ರಲ್ಲಿ ನೊಬೆಲ್ ಪಡೆದರು, ಅದು ಮಾನೊಕ್ಲೋನಲ್. ಒಂದು ಒಬ್ಬನೇ ಸಾಕ್ಷಿ ಇದ್ದಂತೆ, ಇನ್ನೊಂದು ಊರ ಪಂಚಾಯಿತಿ ಸೇರಿದಂತೆ. ಪಂಚಾಯಿತಿಯ ಗುಣವೂ ದೋಷವೂ ತಮಗೆ ನಾನು ಹೇಳಿ ತಿಳಿಯಬೇಕಾದದ್ದಿಲ್ಲ.

ಈ ವಿದ್ಯೆಯ ಮೊದಲ ದೊಡ್ಡ ಗೆಲವು ಕೋಳಿಮೊಟ್ಟೆಯಿಂದ ಶುರುವಾಯಿತು. (ಮೊಟ್ಟೆಯ ಹೆಸರೆತ್ತದ ಮನೆಗಳವರು ಕ್ಷಮಿಸಬೇಕು, ಮುಂದೆ ಅದರ ಮಾತು ಇನ್ನೂ ಬರುವುದಿದೆ.) ಜರ್ಮನಿಯ ಪೌಲ್ ಊಲೆನ್‌ಹೂಟ್ ಕೋಳಿಮೊಟ್ಟೆಯ ಬಿಳಿಯನ್ನು ಮೊಲಕ್ಕೆ ಚುಚ್ಚಿ ಪಡೆದ ತಿಳಿಯಿಂದ, ಕೋಳಿಯ ಮೊಟ್ಟೆಯನ್ನು ಬೇರೆ ಹಕ್ಕಿಗಳ ಮೊಟ್ಟೆಯಿಂದ ಬೇರ್ಪಡಿಸಿ ಹೇಳಬಹುದೆಂದು ತೋರಿಸಿದ. 1901ರಲ್ಲಿ ಅದೇ ಯುಕ್ತಿಯನ್ನು ಮನುಷ್ಯನ ರಕ್ತಕ್ಕೆ ಹೂಡಿದ. ಅದೇ ವರ್ಷ ರ‍್ಯೂಗೆನ್ ಎಂಬ ದ್ವೀಪದಲ್ಲಿ ಇಬ್ಬರು ಮಕ್ಕಳ ಕೊಲೆಯ ಆಪಾದನೆ ಹೊತ್ತ ಬಡಗಿಯೊಬ್ಬನ ಬಟ್ಟೆಯ ಮೇಲೆ ಕಲೆಗಳಿದ್ದವು. ಮರಕ್ಕೆ ಬಳಿಯುವ ಬಣ್ಣ ಎಂದ ಆತ. ಮೊಲದ ತಿಳಿ ಬೇರೆ ಹೇಳಿತು: ಕೆಲವು ಕಲೆ ಕುರಿಯ ರಕ್ತ, ಕೆಲವು ಮನುಷ್ಯನ ರಕ್ತ. ಅಂದಿನಿಂದ ನ್ಯಾಯಾಲಯಗಳಲ್ಲಿ ಮೊಲ ಸಾಕ್ಷಿ ಹೇಳತೊಡಗಿತು.

ಆದರೆ ಸಾಕ್ಷಿಯ ಕಣ್ಣಿಗೂ ಒಂದು ಮಿತಿ ಇತ್ತು. ಮನುಷ್ಯನ ರಕ್ತಕ್ಕೆಂದು ಮಾಡಿದ ತಿಳಿ ದೊಡ್ಡ ವಾನರಗಳ ರಕ್ತಕ್ಕೂ ಓಗೊಡುತ್ತಿತ್ತು. ನ್ಯಾಯಾಧೀಶರಿಗೆ ಅದು ತೊಡಕು. ಕೇಂಬ್ರಿಜ್ಜಿನ ಜಾರ್ಜ್ ನಟಾಲ್ ಅದನ್ನೇ ವರವಾಗಿ ಮಾಡಿಕೊಂಡ. ಹದಿನಾರು ಸಾವಿರ ಪರೀಕ್ಷೆಗಳನ್ನು ಮಾಡಿ, ಯಾವ ಪ್ರಾಣಿಯ ರಕ್ತ ಯಾವುದಕ್ಕೆ ಎಷ್ಟು ಓಗೊಡುತ್ತದೆ ಎಂಬುದರಿಂದ ಪ್ರಾಣಿಗಳ ನೆಂಟಸ್ತಿಕೆಯನ್ನೇ ಲೆಕ್ಕಹಾಕಿ 1904ರಲ್ಲಿ ಪುಸ್ತಕ ಬರೆದ. ಬಿರುದನ್ನು ಕಂಡು ಮೋಸಹೋಗುವ ಅದೇ ಗುಣ, ಬಂಧುಬಳಗವನ್ನು ಹುಡುಕುವುದಕ್ಕೂ ಬರುತ್ತದೆ. ಇದು ಮುಂದಿನ ಮಾತಿಗೆಲ್ಲ ತಳಹದಿ.

ಈಗ ನಮ್ಮ ನಾಡಿಗೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬರೋಣ. ಪೆರ್ಡೂರು ರಾಧಾಕಾಂತ ಅಡಿಗರು ಅಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು, ಉಡುಪಿಯ ಕಡೆಯವರು. ಕೇಸರಿಬೇಳೆಯಲ್ಲಿ ಕಾಲನ್ನು ಸೋಲಿಸುವ ವಿಷ ಯಾವುದೆಂದು 1960ರ ದಶಕದ ಮೊದಲಲ್ಲಿ ಕಂಡುಹಿಡಿದವರಲ್ಲಿ ಅವರೂ ಒಬ್ಬರು. 1980ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು. ಅವರ ಜೀವಮಾನದ ಕೆಲಸ ಹಿಡಿದದ್ದು ಕೋಳಿಮೊಟ್ಟೆಯ ಒಂದು ಪ್ರೋಟೀನಿನ ಬೆನ್ನು.

ಮೊಟ್ಟೆಯ ಬಿಳಿಯನ್ನು ಬಟ್ಟಲಿಗೆ ಹಾಕಿ ಬೆಳಕಿಗೆ ಹಿಡಿದರೆ ತುಸು ಹಸುರು ಬೆರೆತ ಹಳದಿಯ ಛಾಯೆ ಕಾಣುತ್ತದೆ. ಅದು ರೈಬೊಫ್ಲೇವಿನ್ ಎಂಬ ಜೀವಸತ್ವದ ಬಣ್ಣ. ಬಿ ಗುಂಪಿನ ಎರಡನೆಯದು. ಬಿ ಕಾಂಪ್ಲೆಕ್ಸ್ ಗುಳಿಗೆ ನುಂಗಿದ ದಿನ ಮೂತ್ರಕ್ಕೆ ಗಾಢ ಹಳದಿ ಬಣ್ಣ ಬರುವುದೂ ಇದರಿಂದಲೇ. ಈ ಜೀವಸತ್ವ ತಾನಾಗಿ ನಡೆದು ಮೊಟ್ಟೆಯೊಳಕ್ಕೆ ಹೋಗುವುದಿಲ್ಲ. ಅದನ್ನು ಹೊತ್ತೊಯ್ಯುವ ಹಮಾಲನೊಬ್ಬ ಬೇಕು. ಮೊಟ್ಟೆಯಿಡುವ ಹೇಂಟೆಯ ಪಿತ್ತಜನಕಾಂಗ, ಈಸ್ಟ್ರೊಜನ್ ಎಂಬ ಹೆಣ್ಣು ಹಾರ್ಮೋನಿನ ಅಪ್ಪಣೆಯಂತೆ, ರೈಬೊಫ್ಲೇವಿನ್ನನ್ನು ಹೊರುವ ಒಂದು ಪ್ರೋಟೀನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಹುಟ್ಟಿನಿಂದಲೇ ಈ ಹಮಾಲನಿಲ್ಲದ ಒಂದು ತಳಿಯ ಕೋಳಿ ಇದೆ. ಅದು ಮೊಟ್ಟೆಯನ್ನೇನೋ ಇಡುತ್ತದೆ. ಆದರೆ ಒಳಗಿನ ಮರಿ ಸುಮಾರು 13ನೆಯ ದಿನಕ್ಕೆ ಜೀವಸತ್ವವಿಲ್ಲದೆ ಸಾಯುತ್ತದೆ. ತಾಯಿ ಎಷ್ಟು ತಿಂದಿದ್ದರೇನು, ಹೊರುವವನಿಲ್ಲದಿದ್ದರೆ ಮಗುವಿಗೆ ತಲಪುವುದಿಲ್ಲ.

ಅಡಿಗರು ಕೇಳಿಕೊಂಡ ಪ್ರಶ್ನೆ ಸರಳ. ಮೊಟ್ಟೆಯಿಡದ, ಗರ್ಭದಲ್ಲಿ ಮಗುವನ್ನು ಹೊರುವ ಪ್ರಾಣಿಗಳಲ್ಲಿ ಈ ಕೆಲಸವನ್ನು ಮಾಡುವವರು ಯಾರು? ಇಲಿಯಲ್ಲಿ, ಕೋತಿಯಲ್ಲಿ, ಮನುಷ್ಯರಲ್ಲಿ ಇಂಥ ಪ್ರೋಟೀನು ಉಂಟೆ? ಇದ್ದರೂ ಗರ್ಭಿಣಿಯ ರಕ್ತದಲ್ಲಿ ಅತಿ ಸ್ವಲ್ಪವೇ ಇರಬೇಕು. ಹೆಸರು ಗೊತ್ತಿಲ್ಲದ, ಮುಖ ಗೊತ್ತಿಲ್ಲದ ಈ ನೆಂಟನನ್ನು ಹುಡುಕಲು ಕೈಯಲ್ಲಿದ್ದ ಸಾಧನ ಒಂದೇ: ಕೋಳಿಮೊಟ್ಟೆಯ ಪ್ರೋಟೀನಿನ ಮೇಲೆ ಮೊಲದಲ್ಲಿ ಎಬ್ಬಿಸಿದ ಪ್ರತಿಕಾಯ.

ಇಲ್ಲಿ ಪಾಲಿಕ್ಲೋನಲ್ಲಿನ ಗುಣ ಕೆಲಸಕ್ಕೆ ಬರುತ್ತದೆ. ಒಂದೇ ಗುರುತನ್ನು ಹಿಡಿಯುವ ಪ್ರತಿಕಾಯವಾದರೆ, ಆ ಒಂದು ಗುರುತು ಇಲಿಯ ಪ್ರೋಟೀನಿನಲ್ಲಿ ಬದಲಾಗಿದ್ದರೆ ಮುಗಿಯಿತು, ಗುರುತು ಸಿಕ್ಕುವುದಿಲ್ಲ. ಹಲವು ಗುರುತುಗಳನ್ನು ಹಿಡಿಯುವ ಮಿಶ್ರಣವಾದರೆ, ಯಾವುದೋ ಒಂದೆರಡು ಗುರುತುಗಳಾದರೂ ಕೋಳಿಯಿಂದ ಮನುಷ್ಯನವರೆಗೆ ಉಳಿದುಬಂದಿರಬಹುದು. ಅಜ್ಜಿಯ ಮೂಗನ್ನು ಮೊಮ್ಮಗಳಲ್ಲಿ ಗುರುತಿಸುವ ಊರ ಹಿರಿಯರಂತೆ.

ಆ ಹೋಲಿಕೆ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಸಿಹಿತಿಂಡಿಗೆ ಹಾಕುವ ಚೈನಾ ಗ್ರಾಸ್ ಇದೆಯಲ್ಲ, ಅದೇ ಜಾತಿಯ ಕಡಲಪಾಚಿಯ ಅಂಟನ್ನು ಕಾಯಿಸಿ ಗಾಜಿನ ಬಿಲ್ಲೆಯ ಮೇಲೆ ತೆಳ್ಳಗೆ ಹರಡಿ, ಆರಿದ ಮೇಲೆ ಅದರಲ್ಲಿ ಪುಟ್ಟ ಪುಟ್ಟ ಕುಳಿಗಳನ್ನು ಕೊರೆಯುತ್ತಾರೆ. ನಡುವಿನ ಕುಳಿಗೆ ಮೊಲದ ತಿಳಿ, ಸುತ್ತಣ ಕುಳಿಗಳಿಗೆ ಪರೀಕ್ಷೆಯ ಪ್ರೋಟೀನುಗಳು. ಒಂದೆರಡು ದಿನದಲ್ಲಿ ಎರಡೂ ಅಂಟಿನೊಳಗೆ ಹರಡಿಕೊಂಡು, ಸಂಧಿಸುವ ಕಡೆ ಸುಣ್ಣದ ಗೀಟಿನಂಥ ಬಿಳಿಯ ಗೆರೆ ಮೂಡುತ್ತದೆ. ಅಕ್ಕಪಕ್ಕದ ಕುಳಿಗಳಲ್ಲಿ ಒಂದೇ ಪ್ರೋಟೀನಿದ್ದರೆ ಎರಡು ಗೆರೆಗಳೂ ಸೇರಿ ಒಂದಾಗುತ್ತವೆ. ಒಂದು ಮೂಲಪುರುಷ, ಮತ್ತೊಂದು ಅವನ ದೂರದ ನೆಂಟ ಆದರೆ ಗೆರೆಗಳು ಸೇರುತ್ತವೆ, ಆದರೆ ಸೇರಿದ ಜಾಗದಲ್ಲಿ ಮೂಲದ ಗೆರೆಯ ಒಂದು ಮೊನೆ ಹೊರಚಾಚಿ ನಿಲ್ಲುತ್ತದೆ. ನೆಂಟನಲ್ಲಿಲ್ಲದ ಗುರುತುಗಳನ್ನು ಹಿಡಿಯುವ ಪ್ರತಿಕಾಯಗಳು ಅವನನ್ನು ದಾಟಿ ಮುಂದೆ ಹೋದವು ಎಂದು ಅದರ ಅರ್ಥ. ಆ ಕೂದಲೆಳೆಯ ಮೊನೆಯನ್ನು ಕಂಡು ‘ಇವನು ಅವನೇ ಅಲ್ಲ, ಅವನ ಕಡೆಯವನು’ ಎಂದು ಹೇಳಬಹುದು. ಯಂತ್ರವಿಲ್ಲ, ವಿದ್ಯುತ್ತಿಲ್ಲ, ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ನಯವಾದ ತೀರ್ಪು ಕೊಡುವ ಪರೀಕ್ಷೆ ಬೇರೆ ಕೆಲವೇ ಇವೆ ಎಂದು ನನಗೆ ತೋರುತ್ತದೆ.

ಬೆಂಗಳೂರಿನ ಹುಡುಕಾಟ ಫಲಿಸಿತು. 1982ರಲ್ಲಿ ಅಡಿಗರೂ ಅವರ ಶಿಷ್ಯ ರಮಣಮೂರ್ತಿಯವರೂ ಅಮೆರಿಕದ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಬರಹ ಪ್ರಕಟಿಸಿದರು. ಕೋಳಿಯ ಪ್ರೋಟೀನನ್ನು ಹೆಣ್ಣಿಲಿಗಳಿಗೆ ಚುಚ್ಚಿ ಅವುಗಳ ಮೈಯಲ್ಲೇ ಪ್ರತಿಕಾಯ ಹುಟ್ಟುವಂತೆ ಮಾಡಿದರೆ, ಗರ್ಭ ನಿಲ್ಲುವುದಿಲ್ಲ. ಕೋಳಿಯ ಮೇಲೆ ಎದ್ದ ಪ್ರತಿಕಾಯ ಇಲಿಯ ಹಮಾಲನನ್ನು ಹಿಡಿದು ನಿಲ್ಲಿಸಿಬಿಟ್ಟಿತ್ತು. ಅಂಥ ಹಮಾಲನೊಬ್ಬ ಇಲಿಯಲ್ಲೂ ಇದ್ದಾನೆ, ಅವನಿಲ್ಲದೆ ಗರ್ಭ ಬೆಳೆಯದು ಎಂಬುದಕ್ಕೆ ಇದು ಕೇವಲ ಬಿಳಿಯ ಗೆರೆಗಿಂತ ದೊಡ್ಡ ಸಾಕ್ಷಿ. ಮುಂದೆ 1987ರಲ್ಲಿ ಸಂಧ್ಯಾ ವಿಶ್ವೇಶ್ವರಯ್ಯ ಅವರೂ ಅಡಿಗರೂ ಮನುಷ್ಯರ ಕಡೆಗೆ ತಿರುಗಿದರು. ಗರ್ಭಿಣಿಯರ ರಕ್ತದಿಂದಲೂ ಹೊಕ್ಕುಳಬಳ್ಳಿಯ ರಕ್ತದಿಂದಲೂ ರೈಬೊಫ್ಲೇವಿನ್ ಹೊರುವ ಪ್ರೋಟೀನನ್ನು ಬೇರ್ಪಡಿಸಿ, ಅದಕ್ಕೂ ಕೋಳಿಮೊಟ್ಟೆಯದಕ್ಕೂ ಇರುವ ಸಾಮ್ಯಗಳನ್ನು ಪ್ರಕಟಿಸಿದರು. ಪ್ರತಿಕಾಯ ಓಗೊಟ್ಟಿತು ಎಂಬಲ್ಲಿಗೇ ನಿಲ್ಲಲಿಲ್ಲ ಎಂಬುದನ್ನು ತಾವು ಗಮನಿಸಬೇಕು. ಮೊಲ ಬೆರಳು ಮಾಡಿ ತೋರಿಸಿದವನನ್ನು ಸಂತೆಯಿಂದ ಹೊರಗೆ ಕರೆತಂದು, ಪಕ್ಕದಲ್ಲಿ ನಿಲ್ಲಿಸಿ ನೋಡಿದರು.

2001ರಲ್ಲಿ ಅಂಜಲಿ ಕರಂದೆಯವರೂ ಅಡಿಗರೂ ಸಂಗಡಿಗರೂ, ಸ್ತನದ ಕ್ಯಾನ್ಸರು ತಗುಲಿದವರ ರಕ್ತದಲ್ಲಿಯೂ ಗಂತಿಯಲ್ಲಿಯೂ ಈ ಪ್ರೋಟೀನು ರೋಗದ ಒಂದು ಗುರುತಾಗಬಹುದೆಂದು ಬರೆದರು. ಆಸ್ಪತ್ರೆಗಳ ಮಾಮೂಲು ಪರೀಕ್ಷೆಯಾಗಿ ಅದು ಬಳಕೆಗೆ ಬಂದಿಲ್ಲ. ಸಂಶೋಧನೆಯ ಮಾತು ಆಸ್ಪತ್ರೆಯ ಮಾತಾಗಬೇಕಾದರೆ ದಾರಿ ಉದ್ದ. ಆ ದಾರಿಯಲ್ಲಿ ಕೇಳುವ ಮೊದಲ ಪ್ರಶ್ನೆಯೇ ‘ಪ್ರತಿಕಾಯ ಹಿಡಿದದ್ದು ಇವನನ್ನೋ, ಇವನ ಅಣ್ಣತಮ್ಮನನ್ನೋ?’ ಎಂಬುದು. ರೈಬೊಫ್ಲೇವಿನ್ ಹೊರುವ ಕೋಳಿಯ ಪ್ರೋಟೀನು, ಫೋಲಿಕ್ ಆಮ್ಲವನ್ನು ಹಿಡಿಯುವ ಪ್ರೋಟೀನುಗಳ ಕುಲಕ್ಕೇ ಸೇರಿದ್ದು. ಈಗಿನ ವಿದ್ಯಾರ್ಥಿಯಾದರೆ ಹಿಡಿದ ಪ್ರೋಟೀನಿನ ಅಮೈನೋ ಆಮ್ಲಗಳನ್ನು ಅಕ್ಷರ ಅಕ್ಷರವಾಗಿ ಓದಿಸಿ, ಅದು ಮನುಷ್ಯನ ಯಾವ ಜೀನಿನಿಂದ ಬಂದದ್ದೆಂದು ಕೇಳುತ್ತಾನೆ. ಕೇಳಲೇಬೇಕು.

ಅಣ್ಣತಮ್ಮಂದಿರ ಗೊಂದಲ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಮನೆಮಂದಿಗೆಲ್ಲ ಪರಿಚಯವಾದ ಇನ್ನೊಂದು ಪ್ರೋಟೀನನ್ನು ತೆಗೆದುಕೊಳ್ಳೋಣ. ಔಷಧದಂಗಡಿಯಲ್ಲಿ ಸಿಕ್ಕುವ ಗರ್ಭಪರೀಕ್ಷೆಯ ಪಟ್ಟಿ ಹುಡುಕುವುದು ಎಚ್‌ಸಿಜಿ ಎಂಬ ಹಾರ್ಮೋನನ್ನು. ಇದೂ ಪ್ರೋಟೀನೇ. ಹಿಂದೆ ಇದನ್ನು ಕಾಣಬೇಕಾದರೆ ಹೆಂಗಸಿನ ಮೂತ್ರವನ್ನು ಇಲಿಗೋ ಕಪ್ಪೆಗೋ ಚುಚ್ಚಿ ಕಾದು ನೋಡಬೇಕಾಗಿತ್ತು. 1960ರಲ್ಲಿ ಸ್ವೀಡನ್ನಿನ ವೀಡೆ ಮತ್ತು ಗೆಮ್ಜೆಲ್ ಮೊಲದ ಪ್ರತಿಕಾಯವನ್ನು ಬಳಸಿ ಪ್ರನಾಳದಲ್ಲೇ ಪರೀಕ್ಷೆ ಮಾಡಿದರು. ಬಹಳ ಅನುಕೂಲವಾಯಿತು. ಆದರೆ ಒಂದು ತೊಡಕು ಉಳಿಯಿತು.

ಎಚ್‌ಸಿಜಿಗೆ ಎರಡು ತುಂಡುಗಳು. ಆಲ್ಫಾ ಎಂಬ ಒಂದು ತುಂಡಿನಲ್ಲಿ 92 ಅಮೈನೋ ಆಮ್ಲಗಳಿವೆ. ಇದೇ ತುಂಡು ಮತ್ತೆ ಮೂರು ಹಾರ್ಮೋನುಗಳಲ್ಲಿಯೂ ಇದೆ. ಅವುಗಳಲ್ಲಿ ಥೈರಾಯಿಡನ್ನು ಪ್ರಚೋದಿಸುವ ಟಿಎಸ್‌ಎಚ್ ಒಂದು, ಪ್ರತಿ ತಿಂಗಳೂ ಅಂಡವನ್ನು ಬಿಡಿಸುವ ಎಲ್‌ಎಚ್ ಇನ್ನೊಂದು. ಅದು ‘ದೇವಾನಾಂಪ್ರಿಯ’ ಎಂಬ ಬಿರುದಿದ್ದಂತೆ, ಅನೇಕರಿಗೆ ಸಲ್ಲುತ್ತದೆ. ಬೀಟಾ ಎಂಬ ಎರಡನೆಯ ತುಂಡೇ ಹೆಸರು. ಅದರಲ್ಲಿಯೂ ಎಲ್‌ಎಚ್‌ನ ಬೀಟಾ ಬಹುಮಟ್ಟಿಗೆ ಇದನ್ನೇ ಹೋಲುತ್ತದೆ. ಆದರೆ ಅದರ ಉದ್ದ 121, ಇದರದು 145, ಹೀಗಾಗಿ ಎಚ್‌ಸಿಜಿಗೆ ಕೊನೆಯಲ್ಲೊಂದು ಬಾಲವಿದೆ. ಇಡೀ ಹಾರ್ಮೋನನ್ನು ಮೊಲಕ್ಕೆ ಚುಚ್ಚಿದರೆ ಬಿರುದನ್ನು ಹಿಡಿಯುವ ಪ್ರತಿಕಾಯಗಳೂ ಹೇರಳವಾಗಿ ಹುಟ್ಟಿ, ಗರ್ಭವಿಲ್ಲದವರ ಎಲ್‌ಎಚ್‌ಗೂ ಓಗೊಡುತ್ತವೆ. ಗರ್ಭಕೋಶದಲ್ಲಿ ಹುಟ್ಟುವ ಕೋರಿಯೋಕಾರ್ಸಿನೋಮ ಎಂಬ ಕ್ಯಾನ್ಸರಿಗೆ ಔಷಧ ಕೊಟ್ಟು ಗುಣವಾಯಿತೆ, ಇನ್ನೂ ಒಂದಿಷ್ಟು ಉಳಿದಿದೆಯೆ ಎಂದು ತಿಳಿಯಲು ಎಚ್‌ಸಿಜಿಯ ಕಣವನ್ನೂ ಬಿಡದೆ ಅಳೆಯಬೇಕು. ಅಲ್ಲಿ ಎಲ್‌ಎಚ್ ಬೆರೆತರೆ ಲೆಕ್ಕ ತಪ್ಪಿತು. 1972ರಲ್ಲಿ ಅಮೆರಿಕದ ಜೂಡಿತ್ ವೈಟುಕೈಟಿಸ್, ಬ್ರೌನ್‌ಸ್ಟೀನ್, ರಾಸ್ ಎಂಬವರು ಬೀಟಾ ತುಂಡನ್ನಷ್ಟೇ ಬೇರ್ಪಡಿಸಿ ಮೊಲಕ್ಕೆ ಚುಚ್ಚಿದರು. ಎಲ್‌ಎಚ್ ಜೊತೆಗಿದ್ದರೂ ಎಚ್‌ಸಿಜಿಯನ್ನೇ ಅಳೆಯುವ ಪರೀಕ್ಷೆ ಹೀಗೆ ಬಂತು. ಇದೂ ಪಾಲಿಕ್ಲೋನಲ್ಲೇ. ತಪ್ಪು ಮೊಲದ್ದಾಗಿರಲಿಲ್ಲ, ಮೊಲಕ್ಕೆ ತೋರಿಸಿದ್ದು ಬಿರುದನ್ನೋ ಹೆಸರನ್ನೋ ಎಂಬುದರಲ್ಲಿತ್ತು.

ಆ ಪಟ್ಟಿಯಲ್ಲಿ ‘ಸಿ’ ಎಂಬ ಅಕ್ಷರದ ಎದುರಿಗೆ ಒಂದು ಗೆರೆ ಬರಬೇಕೆಂದಿದೆ. ಅದು ಬಂದರೆ ಪರೀಕ್ಷೆ ಸರಿ ಎಂದು ಅನೇಕರು ತಿಳಿಯುತ್ತಾರೆ. ಆ ಗೆರೆ ಹೇಳುವುದು ಪಟ್ಟಿ ಕೆಟ್ಟಿಲ್ಲ, ನೀರು ಮೇಲೆ ಹರಿದಿದೆ ಎಂಬಷ್ಟನ್ನೇ.

2000ನೆಯ ಇಸವಿಯಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ಲಾರೆನ್ಸ್ ಕೋಲ್ ಮತ್ತು ಅವರ ಸಂಗಡಿಗರು ಅಮೆರಿಕದ 12 ಹೆಂಗಸರ ವಿಷಯ ಬರೆದರು. ರಕ್ತಪರೀಕ್ಷೆಯಲ್ಲಿ ಎಚ್‌ಸಿಜಿ ಇದೆ ಎಂದು ಬರುತ್ತಲೇ ಇತ್ತು, ಗರ್ಭವಂತೂ ಇರಲಿಲ್ಲ, ಕ್ಯಾನ್ಸರೇ ಇರಬೇಕೆಂದು ವೈದ್ಯರು ತೀರ್ಮಾನಿಸಿದರು. ಅವರಲ್ಲಿ ಹೆಚ್ಚಿನವರು ಕಟುವಾದ ಔಷಧಕ್ಕೋ ಶಸ್ತ್ರಚಿಕಿತ್ಸೆಗೋ ಒಳಗಾಗಿದ್ದರು. ಯಾರಿಗೂ ಕ್ಯಾನ್ಸರು ಇರಲಿಲ್ಲ. ಎಚ್‌ಸಿಜಿಯೂ ಇರಲಿಲ್ಲ. ಕೆಲವರ ರಕ್ತದಲ್ಲಿ ಪ್ರಾಣಿಗಳ ಪ್ರತಿಕಾಯಕ್ಕೇ ಅಂಟಿಕೊಳ್ಳುವ ಪ್ರತಿಕಾಯಗಳು ಸಹಜವಾಗಿ ಇರುತ್ತವೆ. ಪರೀಕ್ಷೆಯಲ್ಲಿ ಎಚ್‌ಸಿಜಿ ನಡುವೆ ನಿಂತು ಎರಡು ಪ್ರತಿಕಾಯಗಳನ್ನು ಬೆಸೆಯಬೇಕು. ಅದರ ಬದಲು ಇವು ನಡುವೆ ನಿಂತು ಬೆಸೆದುಬಿಟ್ಟಿದ್ದವು. ಇಂಥ ಪ್ರತಿಕಾಯಗಳು ಗಾತ್ರದಲ್ಲಿ ದೊಡ್ಡವು, ಮೂತ್ರಕ್ಕೆ ಇಳಿಯುವುದಿಲ್ಲ. ನಿಜವಾದ ಎಚ್‌ಸಿಜಿ ಇಳಿಯುತ್ತದೆ. ಒಮ್ಮೆ ಮೂತ್ರವನ್ನು ಪರೀಕ್ಷಿಸಿದ್ದರೆ ಸುಳ್ಳು ಅಲ್ಲಿಯೇ ಬಯಲಾಗುತ್ತಿತ್ತು. ಎರಡನೆಯ ಸಾಕ್ಷಿ ಅಷ್ಟು ಹತ್ತಿರದಲ್ಲಿತ್ತು.

ಸಂಶೋಧನೆಯಲ್ಲಿ ಹೀಗಾದಾಗ ಯಾರ ಮೈಗೂ ಕತ್ತಿ ತಗಲುವುದಿಲ್ಲ, ಆದರೆ ವರ್ಷಗಳು ಹೋಗುತ್ತವೆ. ಕೆನಡದ ಟೊರಾಂಟೊ ನಗರದಲ್ಲಿ ಮೇದೋಜೀರಕದ ಕ್ಯಾನ್ಸರನ್ನು ಮೊದಲೇ ತಿಳಿಸಬಲ್ಲ ಒಂದು ಪ್ರೋಟೀನನ್ನು ಕಂಡೆವೆಂದು ಪ್ರಾಸಸ್, ಡಯಮಾಂಡಿಸ್ ಮತ್ತು ಅವರ ಗೆಳೆಯರು ಸಂತೋಷಪಟ್ಟಿದ್ದರು. ಅಂಗಡಿಯಿಂದ ಕೊಂಡ ಪರೀಕ್ಷಾ ಪೆಟ್ಟಿಗೆಯ ಪ್ರತಿಕಾಯ ಹಿಡಿಯುತ್ತಿದ್ದುದು ಬೇರೆಯೇ ಪ್ರೋಟೀನನ್ನು, ಬಹುಕಾಲದಿಂದ ಗೊತ್ತಿದ್ದ ಸಿಎ 125 ಎಂಬುದನ್ನು. ಎರಡು ವರ್ಷ ಮತ್ತು ಐದು ಲಕ್ಷ ಡಾಲರು ವ್ಯರ್ಥವಾಯಿತು. ಅದನ್ನು ಅವರೇ ಮುಚ್ಚಿಡದೆ ಪ್ರಕಟಿಸಿದರು ಎಂಬುದು ದೊಡ್ಡ ಮಾತು. ಈಸ್ಟ್ರೊಜನ್ನನ್ನು ಸ್ವೀಕರಿಸುವ ಬೀಟಾ ಗ್ರಾಹಕ ಎಂಬ ಪ್ರೋಟೀನಿನದು ಇನ್ನೂ ದೊಡ್ಡ ಕಥೆ. 2017ರಲ್ಲಿ ಸ್ವೀಡನ್ನಿನವರು ಅದಕ್ಕೆಂದು ಬಳಕೆಯಲ್ಲಿದ್ದ 13 ಪ್ರತಿಕಾಯಗಳನ್ನು ಒರೆಗೆ ಹಚ್ಚಿದರು. ನಂಬಬಹುದಾದದ್ದು ಒಂದೇ ಒಂದು. ಅದರಿಂದ ನೋಡಿದರೆ ಸ್ತನದಲ್ಲಿ ಆ ಪ್ರೋಟೀನು ಕಾಣಲೇ ಇಲ್ಲ. ಇದೆ ಎಂದು ಬರೆದ ಲೇಖನಗಳಂತೂ ರಾಶಿರಾಶಿ. 2015ರಲ್ಲಿ ಬ್ರಾಡ್‌ಬರಿ ಮತ್ತು ಪ್ಲುಕ್‌ಥೂನ್ ಎಂಬವರು ನೂರಕ್ಕೂ ಹೆಚ್ಚು ವಿಜ್ಞಾನಿಗಳ ಸಹಿಯೊಡನೆ ‘ನೇಚರ್’ ಪತ್ರಿಕೆಯಲ್ಲಿ, ಸಾಮಾನ್ಯವಾಗಿ ಬಳಸುವ ಸುಮಾರು 6,000 ಪ್ರತಿಕಾಯಗಳಲ್ಲಿ ತಮ್ಮ ಗುರಿಯನ್ನಷ್ಟೇ ಹಿಡಿಯುವಂಥವು ಅರ್ಧಕ್ಕಿಂತ ಕಡಿಮೆ ಎಂದರು. ಮೊಲದ್ದನ್ನೂ ಮಾನೊಕ್ಲೋನಲ್ಲನ್ನೂ ಬಿಟ್ಟು, ಜೀನಿನ ಅಕ್ಷರಗಳನ್ನು ಬರೆದಿಟ್ಟು ಬೇಕಾದಾಗ ಅದನ್ನೇ ತಯಾರಿಸಬಹುದಾದ ಪ್ರತಿಕಾಯಕ್ಕೆ ಬದಲಾಗಿರಿ ಎಂಬುದು ಅವರ ಸಲಹೆ. ಅದರಲ್ಲಿ ನ್ಯಾಯವಿದೆ. ಮೊಲ ಸತ್ತರೆ ಅದರ ಪ್ರತಿಕಾಯವೂ ಮುಗಿಯಿತು. ಮತ್ತೊಂದು ಮೊಲ ಅದೇ ಮಾತನ್ನು ಅದೇ ರೀತಿಯಲ್ಲಿ ಹೇಳುವುದಿಲ್ಲ.

ಹಾಗಾದರೆ ಪಾಲಿಕ್ಲೋನಲ್ಲನ್ನು ಕೈಬಿಡಬೇಕೆ? ನನಗೆ ಹಾಗೆ ತೋರುವುದಿಲ್ಲ. ಗುರುತು ಗೊತ್ತಿಲ್ಲದ ನೆಂಟನನ್ನು ಹುಡುಕುವಾಗ ಹತ್ತು ಕಣ್ಣು ಒಂದು ಕಣ್ಣಿಗಿಂತ ಮೇಲು. ಅಡಿಗರ ಕೆಲಸವೇ ಸಾಕ್ಷಿ. 2003ರಲ್ಲಿ ಮಥಿಯಾಸ್ ಊಲೆನ್ ಸ್ವೀಡನ್ನಿನಲ್ಲಿ ಮನುಷ್ಯನ ಪ್ರೋಟೀನುಗಳೆಲ್ಲದರ ಭೂಪಟವೊಂದನ್ನು ಬರೆಯಹೊರಟಾಗ ಬಹುವಾಗಿ ನೆಚ್ಚಿದ್ದೂ ಮೊಲದ ಪಾಲಿಕ್ಲೋನಲ್ಲನ್ನೇ. ಆದರೆ ಪ್ರೋಟೀನನ್ನು ಇಡಿಯಾಗಿ ಚುಚ್ಚಲಿಲ್ಲ. ಬೇರಾವ ಪ್ರೋಟೀನನ್ನೂ ಹೋಲದ ತುಣುಕನ್ನು ಮೊದಲೇ ಗಣಕದಲ್ಲಿ ಹುಡುಕಿ ಅದನ್ನು ಮಾತ್ರ ಚುಚ್ಚಿದರು. ಬಂದ ತಿಳಿಯನ್ನು ಅದೇ ತುಣುಕಿನ ಮೇಲೆ ಹಾಯಿಸಿ, ಹಿಡಿದುಕೊಂಡ ಪ್ರತಿಕಾಯಗಳನ್ನಷ್ಟೇ ಇಟ್ಟುಕೊಂಡು ಉಳಿದುದನ್ನು ಚೆಲ್ಲಿದರು.

ನಮ್ಮ ಕಾಲೇಜುಗಳಲ್ಲಿ ಜೀವಶಾಸ್ತ್ರ ಓದಿ ಮುಂದೆ ಪ್ರಯೋಗಶಾಲೆಗೆ ಹೋಗುವ ಹುಡುಗ ಹುಡುಗಿಯರು ಈ ಭಾಷಣ ಕೇಳುತ್ತಿದ್ದರೆ ಒಂದೆರಡು ಮಾತು ಅವರಿಗೆ. ಪ್ರತಿಕಾಯದ ಸೀಸೆಯ ಮೇಲೆ ಪ್ರೋಟೀನಿನ ಹೆಸರು ಅಚ್ಚಾಗಿರುತ್ತದೆ. ಅದು ಮಾರುವವರ ಮಾತು. ಆ ಪ್ರೋಟೀನಿನ ಜೀನನ್ನೇ ತೆಗೆದುಹಾಕಿದ ಜೀವಕೋಶಗಳು ಈಗ ದೊರೆಯುತ್ತವೆ. ಅವುಗಳ ಮೇಲೆ ನಿಮ್ಮ ಪ್ರತಿಕಾಯವನ್ನು ಹಾಕಿರಿ. ಅಲ್ಲೂ ಬಣ್ಣ ಬಂದರೆ ಅದು ಯಾರನ್ನೋ ಕರೆಯುತ್ತಿದೆ, ನಿಮ್ಮವನನ್ನಲ್ಲ. ಆ ಜೀವಕೋಶ ಸಿಕ್ಕದಿದ್ದರೆ, ಬೇರೆ ಜಾಗವನ್ನು ಹಿಡಿಯುವ ಮತ್ತೊಂದು ಪ್ರತಿಕಾಯ ತಂದು ಎರಡೂ ಒಂದೇ ಕಡೆ ಬೆರಳು ಮಾಡುತ್ತವೆಯೆ ನೋಡಿರಿ. ಶುದ್ಧವಾದ ಪ್ರೋಟೀನನ್ನು ಪ್ರತಿಕಾಯಕ್ಕೆ ಮೊದಲೇ ಉಣಿಸಿ ನೋಡುವುದು ಹಳೆಯ ಪದ್ಧತಿ. ಒಳ್ಳೆಯದೇ. ಆದರೆ ಬಿರುದು ಹಿಡಿಯುವ ಪ್ರತಿಕಾಯವೂ ಹಾಗೆ ಉಣಿಸಿದರೆ ಸುಮ್ಮನಾಗುತ್ತದೆ ಎಂಬುದನ್ನು ಮರೆಯಬೇಡಿ.

ಮೊಲದ ಪ್ರತಿಕಾಯವನ್ನು ನೀವೇ ಮಾಡಿಸುವುದಾದರೆ, ಮೊದಲ ಚುಚ್ಚುಮದ್ದಿಗೆ ಮುಂಚೆ ಅದೇ ಮೊಲದಿಂದ ಸ್ವಲ್ಪ ರಕ್ತ ತೆಗೆದಿಟ್ಟುಕೊಳ್ಳಿ. ಏನನ್ನೂ ಕಲಿಯದಿದ್ದಾಗ ಆ ಮೊಲ ಏನು ಹೇಳುತ್ತಿತ್ತು ಎಂಬುದಕ್ಕೆ ಅದೊಂದೇ ದಾಖಲೆ, ಆಮೇಲೆ ಬೇಕೆಂದರೆ ಸಿಕ್ಕುವುದಿಲ್ಲ. ಸೀಸೆಯ ಮೇಲೆ ಮೊಲದ ಸಂಖ್ಯೆ, ರಕ್ತ ತೆಗೆದ ತಾರೀಖು ಎರಡನ್ನೂ ಅಳಿಸದ ಶಾಯಿಯಲ್ಲಿ ಬರೆದು, ಅವನ್ನೇ ನಿಮ್ಮ ಲೇಖನದಲ್ಲಿಯೂ ಅಚ್ಚು ಹಾಕಿಸಿರಿ.